ಪೊಳಲಿಯ ಮಣ್ಣು ಎಲ್ಲಿಗೆ ಹೋಗುತ್ತದೆ? ಬೇಸಿನ್ ಹುಟ್ಟುವ ಬಗೆ

ಪೊಳಲಿ ಅಂದ ಕೂಡಲೇ ನಮ್ಮ ಕಡೆಯವರಿಗೆ ಎರಡು ವಿಷಯ ನೆನಪಾಗುತ್ತದೆ. ಒಂದು, ತಿಂಗಳುಗಟ್ಟಲೆ ನಡೆಯುವ ಜಾತ್ರೆ ಮತ್ತು ಅದರ ಚೆಂಡು. ಇನ್ನೊಂದು, ಅಲ್ಲಿನ ರಾಜರಾಜೇಶ್ವರಿಯ ಮೂರ್ತಿ ಕಲ್ಲಿನದ್ದಲ್ಲ, ಮಣ್ಣಿನದ್ದು. ಎಂಜಿನಿಯರಿಂಗ್ ಓದುವವರು ಇದಕ್ಕೆ ಮೂರನೆಯದಾಗಿ ಒಂದು ಪ್ರಶ್ನೆ ಸೇರಿಸಬಹುದು: ಅಷ್ಟು ಒಳ್ಳೆಯ ಜೇಡಿಮಣ್ಣು ಫಲ್ಗುಣಿ ನದಿಯ ಈ ಬದಿಯಲ್ಲಿ ಯಾಕೆ ಕೂತಿದೆ? ಅದು ಎಲ್ಲಿಂದ ಬಂತು? ಇಲ್ಲೇ ಉಳಿಯುತ್ತದಾ, ಮುಂದೆ ಎಲ್ಲಿಗಾದರೂ ಹೋಗುತ್ತದಾ?

ಪೊಳಲಿಯ ಸುತ್ತ ನೆಲ ಅಗೆದರೆ ಸಿಗುವುದು ಮುಖ್ಯವಾಗಿ ಮೂರು ಬಗೆ. ಹೊಳೆ ಬದಿಯಲ್ಲಿ ಜೇಡಿ ಮತ್ತು ಹೊಯ್ಗೆ. ಗುಡ್ಡದ ಮೇಲೆ ಮುರಕಲ್ಲು. ಅದರಡಿಗೆ ಹೋದರೆ ಗಟ್ಟಿ ನೈಸ್ ಬಂಡೆ, 250 ಕೋಟಿ ವರ್ಷಕ್ಕೂ ಹಿಂದಿನದು. ಶಾಲೆಯಲ್ಲಿ ಓದಿದ ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ನೆನಪಿದೆಯಲ್ವಾ? ಇಲ್ಲಿ ಕಣಶಿಲೆಯ ದಪ್ಪ ಪದರಗಳೇ ಇಲ್ಲ. ಮುರಕಲ್ಲು ಕೂಡ ಎಲ್ಲಿಂದಲೋ ಬಂದು ಪದರವಾದದ್ದಲ್ಲ, ಇದ್ದಲ್ಲೇ ಬಂಡೆ ಕೊಳೆತು ಆದದ್ದು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ, ಘಟ್ಟದ ಬುಡದಲ್ಲಿರುವ ಊರಿದು. ಕೋಟಿಗಟ್ಟಲೆ ವರ್ಷ ಕೊಚ್ಚಿಹೋದ ಮಣ್ಣೆಲ್ಲ ಎಲ್ಲೋ ರಾಶಿ ಬಿದ್ದಿರಲೇಬೇಕು. ಆ 'ಎಲ್ಲೋ' ಅನ್ನುವ ಜಾಗಕ್ಕೇ ಸೆಡಿಮೆಂಟರಿ ಬೇಸಿನ್ ಅಂತ ಹೆಸರು. ನಮ್ಮ ಮಾತಿನಲ್ಲಿ ಹೂಳು ತುಂಬುವ ತಗ್ಗು ಅನ್ನೋಣ.

ಬೆಟ್ಟು, ಮಜಲು, ಬೈಲು

ಬೇಸಿನ್ ಆಗಬೇಕಾದರೆ ಮೂರು ಬೇಕು: ಜಾಗ, ಮಾಲು, ಸಮಯ. ತಗ್ಗು ಇರಬೇಕು, ತುಂಬಲು ಹೂಳು ಬರಬೇಕು, ಬಂದದ್ದು ಕೊಚ್ಚಿಹೋಗದೆ ಉಳಿಯುವಷ್ಟು ಕಾಲ ಆ ತಗ್ಗು ತಗ್ಗಾಗಿಯೇ ಇರಬೇಕು.

ಇದರ ಸಣ್ಣ ಮಾದರಿ ನಮ್ಮ ಗದ್ದೆಗಳಲ್ಲೇ ಇದೆ. ದಕ್ಷಿಣ ಕನ್ನಡದ ರೈತರು ಗದ್ದೆಯನ್ನು ಬೆಟ್ಟು, ಮಜಲು, ಬೈಲು ಅಂತ ಮೂರು ಮಾಡುತ್ತಾರೆ. ಬೆಟ್ಟು ಮೇಲಿನದು, ನೀರು ನಿಲ್ಲುವುದಿಲ್ಲ, ಮಳೆಗಾಲದ ಏಣೇಲು ಬೆಳೆ ಒಂದೇ. ಮಜಲಿನಲ್ಲಿ ಏಣೇಲಿನ ಜೊತೆ ಸುಗ್ಗಿಯೂ ಆಗುತ್ತದೆ. ಬೈಲು ತೀರಾ ತಗ್ಗು, ನೀರಿದ್ದರೆ ಕೊಳಕೆ ಬೆಳೆಯೂ ಸಿಗುತ್ತದೆ. ಈ ವಿಂಗಡಣೆ ಬೇಸಾಯದ್ದು, ಆದರೆ ಅದರಲ್ಲಿ ಭೂವಿಜ್ಞಾನವೂ ಇದೆ. ಬೆಟ್ಟು ಮಣ್ಣು ಕೊಡುವ ಜಾಗ, ಮಜಲು ದಾಟಿಸುವ ಜಾಗ, ಬೈಲು ಹಿಡಿದಿಟ್ಟುಕೊಳ್ಳುವ ಜಾಗ. ಬೈಲಿನ ಮಣ್ಣು ನುಣ್ಣಗೆ, ದಪ್ಪಗೆ ಇರುವುದು ಅದಕ್ಕೇ.

ಆದರೆ ಬೈಲು ನಿಜವಾದ ಬೇಸಿನ್ ಅಲ್ಲ. ಕೆಲವು ಮೀಟರ್ ಹೂಳು ಬಿದ್ದರೆ ಅದು ತುಂಬಿಹೋಯಿತು, ಮುಂದಿನ ಮಳೆಗೆ ಹೊಳೆ ಅದನ್ನೇ ಕೊರೆದು ಮುಂದಕ್ಕೆ ಒಯ್ಯುತ್ತದೆ. ನಿಜವಾದ ಬೇಸಿನ್‌ನಲ್ಲಿ ಹೂಳಿನ ದಪ್ಪ ಕಿಲೋಮೀಟರ್ ಲೆಕ್ಕದಲ್ಲಿರುತ್ತದೆ. ಅಲ್ಲಿ ತಳವೇ ಕೆಳಗೆ ಇಳಿಯುತ್ತಾ ಇರಬೇಕು. ಈಗ ಅಸಲಿ ಪ್ರಶ್ನೆ: ಗಟ್ಟಿ ಬಂಡೆಯ ಭೂಮಿ ಕೆಳಗೆ ಇಳಿಯುವುದು ಹೇಗೆ?

ತಳ ಇಳಿಯುವ ಮೂರು ದಾರಿ

ಮೊದಲನೆಯದು ಎಳೆತ. ಚಪಾತಿ ಹಿಟ್ಟನ್ನು ಎರಡೂ ಕಡೆಯಿಂದ ಎಳೆದರೆ ನಡುವೆ ತೆಳ್ಳಗಾಗುತ್ತದೆ. ಖಂಡ ಒಡೆಯುವ ಮುಂಚೆ ಭೂಚಿಪ್ಪಿಗೂ ಹೀಗೇ ಆಗುತ್ತದೆ, ಮೇಲ್ಭಾಗ ಮಾತ್ರ ಹಿಟ್ಟಿನಂತೆ ಹಿಗ್ಗದೆ ಬಿರುಕುಬಿಟ್ಟು ತುಂಡುತುಂಡಾಗಿ ಜಾರುತ್ತದೆ. ತೆಳುವಾದದ್ದು ಯಾಕೆ ತಗ್ಗಬೇಕು? ಚಿಪ್ಪು ಹಗುರ, ಅದರಡಿಯ ಮ್ಯಾಂಟಲ್ ಭಾರ. ನೀರಿನ ಮೇಲೆ ಮರದ ದಿಮ್ಮಿ ತೇಲುವ ಹಾಗೆ ಚಿಪ್ಪು ಮ್ಯಾಂಟಲ್ ಮೇಲೆ ತೇಲುತ್ತಿದೆ. ದಪ್ಪ ದಿಮ್ಮಿಯ ತಲೆ ಎತ್ತರದಲ್ಲಿರುತ್ತದೆ, ತೆಳು ದಿಮ್ಮಿಯದು ತಗ್ಗಿನಲ್ಲಿ. ಇದಕ್ಕೆ ಐಸೊಸ್ಟಸಿ ಎನ್ನುತ್ತಾರೆ. ಫಸ್ಟ್ ಇಯರಿನ ಆರ್ಕಿಮಿಡೀಸ್ ತತ್ವ, ಅಷ್ಟೇ.

ಒಂದು ಲೆಕ್ಕ ಮಾಡೋಣ. ಚಿಪ್ಪಿನ ದಪ್ಪ 35 ಕಿ.ಮೀ., ಎಳೆತದಿಂದ ಅರ್ಧಕ್ಕೆ, ಅಂದರೆ 17.5 ಕಿ.ಮೀ.ಗೆ ಇಳಿಯಿತು ಅಂತಿಟ್ಟುಕೊಳ್ಳಿ. ಸಾಂದ್ರತೆ ಘನ ಮೀಟರಿಗೆ ಚಿಪ್ಪಿನದು 2,800 ಕೆ.ಜಿ., ಮ್ಯಾಂಟಲಿನದು 3,300, ಸಮುದ್ರದ ನೀರಿನದು 1,030. ಕಡಿಮೆಯಾದ ದಪ್ಪವನ್ನು ಚಿಪ್ಪು ಮತ್ತು ಮ್ಯಾಂಟಲ್ ಸಾಂದ್ರತೆಗಳ ವ್ಯತ್ಯಾಸದಿಂದ (500) ಗುಣಿಸಿ, ಮ್ಯಾಂಟಲ್ ಮತ್ತು ನೀರಿನ ವ್ಯತ್ಯಾಸದಿಂದ (2,270) ಭಾಗಿಸಿ. ಸುಮಾರು 3.85 ಕಿ.ಮೀ. ಆಳದ ತಗ್ಗು ಸಿಗುತ್ತದೆ.

ಆದರೆ ಇಷ್ಟೂ ಆಳ ಒಂದೇ ಸಲ ಬರುವುದಿಲ್ಲ. ಇಲ್ಲಿ ಎರಡನೆಯ ದಾರಿ ಬರುತ್ತದೆ: ತಣಿಯುವುದು. ಚಿಪ್ಪು ತೆಳ್ಳಗಾದಾಗ ಕೆಳಗಿನ ಬಿಸಿ ಮ್ಯಾಂಟಲ್ ಮೇಲಕ್ಕೆ ಬರುತ್ತದೆ. ಬಿಸಿಯಾದದ್ದು ಹಿಗ್ಗಿ ಹಗುರಾಗಿರುತ್ತದೆ, ಹಾಗಾಗಿ ತಳವನ್ನು ಸ್ವಲ್ಪ ಎತ್ತಿ ಹಿಡಿದಿರುತ್ತದೆ. ಅದು ಮೆಲ್ಲಗೆ ತಣಿದು ಕುಗ್ಗಿದಂತೆ ಎಳೆತ ನಿಂತ ಮೇಲೂ ತಳ ಇಳಿಯುತ್ತಾ ಹೋಗುತ್ತದೆ. ಡ್ಯಾನ್ ಮೆಕೆಂಜಿ 1978ರಲ್ಲಿ ಈ ಎರಡನ್ನೂ ಸೇರಿಸಿ ಒಂದು ಸರಳ ಮಾದರಿ ಕೊಟ್ಟರು: ಮೊದಲು ಬೇಗನೆ ಕುಸಿತ, ಆಮೇಲೆ ನಿಧಾನ ಇಳಿತ. ಹೀಟ್ ಟ್ರಾನ್ಸ್‌ಫರ್ ಓದಿದ ಮೆಕ್ಯಾನಿಕಲ್‌ನವರು ಇದರ ಕಾಲಮಾನವನ್ನು ತಾವೇ ತೆಗೆಯಬಹುದು. ಫಲಕದ ದಪ್ಪ 125 ಕಿ.ಮೀ., ಉಷ್ಣ ವಿಸರಣಾಂಕ ಸೆಕೆಂಡಿಗೆ ಒಂದು ಚದರ ಮೀಟರಿನ ಹತ್ತು ಲಕ್ಷದ ಒಂದು ಪಾಲು. ದಪ್ಪದ ವರ್ಗವನ್ನು ವಿಸರಣಾಂಕ ಮತ್ತು ಪೈ ವರ್ಗದ ಗುಣಲಬ್ಧದಿಂದ ಭಾಗಿಸಿದರೆ ಬರುವುದು ಸುಮಾರು 5 ಕೋಟಿ ವರ್ಷ. ಕೆಪಾಸಿಟರ್ ಚಾರ್ಜ್ ಆಗುವ ಗ್ರಾಫ್ ಇದೆಯಲ್ಲ, ಅದೇ ಆಕಾರ. ಒಂದು ಟೈಮ್ ಕಾನ್‌ಸ್ಟಂಟ್ ಕಳೆದಾಗ ಇಳಿತದ ಶೇ. 63 ಮುಗಿದಿರುತ್ತದೆ.

ಮೂರನೆಯದು ಭಾರ. ಹಲಗೆಯ ಒಂದು ತುದಿಯಲ್ಲಿ ಅಕ್ಕಿಮುಡಿ ಇಟ್ಟರೆ ಹಲಗೆ ಬಾಗುತ್ತದೆ, ಮುಡಿಯ ಪಕ್ಕದಲ್ಲೇ ತಗ್ಗು ಬೀಳುತ್ತದೆ. ಹಿಮಾಲಯದ ಭಾರಕ್ಕೆ ಭಾರತದ ಫಲಕ ಹೀಗೆ ಬಾಗಿದೆ, ಬಾಗಿದ ತಗ್ಗಿನಲ್ಲಿ ಕೂತ ಹೂಳೇ ಗಂಗಾ ಬಯಲು. ಸಿವಿಲ್‌ನವರು ಓದುವ 'ಬೀಮ್ ಆನ್ ಇಲಾಸ್ಟಿಕ್ ಫೌಂಡೇಶನ್' ಸಮೀಕರಣವನ್ನೇ ಭೂವಿಜ್ಞಾನಿಗಳು ಇಲ್ಲಿ ಬಳಸುತ್ತಾರೆ.

ಹೂಳಿಗೂ ತನ್ನದೇ ಭಾರವಿದೆ. ನೀರು ತುಂಬಿದ ತಗ್ಗಿಗೆ ಹೂಳು ಬಿದ್ದರೆ ತಳ ಇನ್ನಷ್ಟು ಕೂರುತ್ತದೆ, ಇನ್ನಷ್ಟು ಹೂಳಿಗೆ ಜಾಗವಾಗುತ್ತದೆ. ಹೂಳಿನ ಸಾಂದ್ರತೆ 2,300 ಎಂದಿಟ್ಟರೆ 2,270ನ್ನು 1,000ದಿಂದ ಭಾಗಿಸಿ: 2.27. ಅಂದರೆ 100 ಮೀಟರ್ ಆಳದ ನೀರಿದ್ದ ಕಡೆ ಸುಮಾರು 227 ಮೀಟರ್ ಹೂಳು ಹಿಡಿಯುತ್ತದೆ. ಮೇಲಿನ 3.85 ಕಿ.ಮೀ. ತಗ್ಗಿನಲ್ಲಿ ಎಂಟು ಕಿಲೋಮೀಟರಿಗೂ ಹೆಚ್ಚು! ಆದರೆ ಗಮನಿಸಿ, ಹೂಳು ತಾನಾಗಿಯೇ ಬೇಸಿನ್ ಹುಟ್ಟಿಸುವುದಿಲ್ಲ. ಮೊದಲ ತಗ್ಗು ಬೇರೆ ಕಾರಣದಿಂದ ಬರಬೇಕು, ಹೂಳು ಅದನ್ನು ದೊಡ್ಡದು ಮಾಡುತ್ತದೆ, ಅಷ್ಟೇ.

ನಮ್ಮ ಬೇಸಿನ್ ಸಮುದ್ರದೊಳಗಿದೆ

ಈಗ ನಮ್ಮ ಕರಾವಳಿಗೆ ಬನ್ನಿ. ಒಂದು ಕಾಲದಲ್ಲಿ ಇಲ್ಲಿ ಸಮುದ್ರವೇ ಇರಲಿಲ್ಲ, ಪಶ್ಚಿಮಕ್ಕೆ ಮಡಗಾಸ್ಕರ್ ಅಂಟಿಕೊಂಡಿತ್ತು. ಸುಮಾರು 8.8 ಕೋಟಿ ವರ್ಷದ ಹಿಂದೆ ಅದು ಬೇರೆಯಾಯಿತು. ಆ ಒಡೆತದ ಕಾಲದ ಜ್ವಾಲಾಮುಖಿ ಶಿಲೆಯನ್ನು ನೋಡಬೇಕಾದರೆ ಮಲ್ಪೆಯಿಂದ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಸಾಕು. ಸೆಲ್ಫಿಗೆ ಹಿನ್ನೆಲೆಯಾಗುವ ಆ ಕಂಬಗಲ್ಲುಗಳಿಗೆ ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಆಮೇಲೆ, ಸುಮಾರು 6.6 ಕೋಟಿ ವರ್ಷದ ಹಿಂದೆ, ಉತ್ತರದಲ್ಲಿ ಡೆಕ್ಕನ್ ಲಾವಾ ಹರಿಯಿತು. ಅದರ ಬೆನ್ನಿಗೇ ಸೇಶೆಲ್ಸ್ ಕೂಡ ಕಳಚಿಕೊಂಡಿತು.

ಹೀಗೆ ಎರಡು ಸಲ ಹರಿದ ಅಂಚಿನಲ್ಲಿ, ಸಮುದ್ರದಡಿ, ಗೋವಾದ ಕಡೆಯಿಂದ ಕನ್ಯಾಕುಮಾರಿಯವರೆಗೆ ಉದ್ದಕ್ಕೆ ಕೇರಳ–ಕೊಂಕಣ ಬೇಸಿನ್ ಇದೆ. ಮಡಗಾಸ್ಕರ್ ಹೋದ ಲೆಕ್ಕಕ್ಕೆ ಹಿಡಿದರೆ 8.8 ಕೋಟಿ ವರ್ಷ, ಅಂದರೆ ಸುಮಾರು 1.76 ಟೈಮ್ ಕಾನ್‌ಸ್ಟಂಟ್. ಸರಳ ಮಾದರಿಯ ಪ್ರಕಾರ ತಣಿಯುವ ಇಳಿತದಲ್ಲಿ ಶೇ. 83ರಷ್ಟು ಮುಗಿದಿರಬೇಕು. ನಡುವೆ ಎರಡನೇ ಒಡೆತದ ಬಿಸಿ ಬಂದಿರುವುದರಿಂದ ನಿಜವಾದ ಲೆಕ್ಕ ಇದಕ್ಕಿಂತ ಜಟಿಲ. ಆದರೆ ತಾತ್ಪರ್ಯ ಬದಲಾಗುವುದಿಲ್ಲ: ಸಮುದ್ರದ ಕಡೆ ತಳ ಇಳಿಯಿತು, ನಮ್ಮ ಕಡೆ ಒಡೆದ ಅಂಚು ಎತ್ತರವಾಗಿ ಉಳಿಯಿತು. ಮಳೆ ಮತ್ತು ಹೊಳೆಗಳು ಆ ಅಂಚನ್ನು ಕೊರೆಯುತ್ತಾ ಪೂರ್ವಕ್ಕೆ ಹಿಂದೆ ತಳ್ಳಿದವು. ಇವತ್ತು ನಾವು ಪಶ್ಚಿಮ ಘಟ್ಟ ಅನ್ನುವ ಗೋಡೆ ಅದೇ. ಘಟ್ಟ ಮತ್ತು ಬೇಸಿನ್ ಒಂದೇ ಘಟನೆಯ ಎರಡು ಮುಖ.

'ಹಾಗಾದ್ರೆ ಮಂಗಳೂರಿನಲ್ಲಿ ಎಣ್ಣೆ ಯಾಕಿಲ್ಲ?' ಅಂತ ಕೇಳುವವರಿದ್ದಾರೆ. ಉತ್ತರದ ಮುಂಬೈ ಬೇಸಿನ್‌ನಲ್ಲಿ 1974ರಲ್ಲಿ ಬಾಂಬೆ ಹೈ ಸಿಕ್ಕಿತು. ಕೇರಳ–ಕೊಂಕಣದಲ್ಲೂ ಬಾವಿ ಕೊರೆದಿದ್ದಾರೆ, ವ್ಯಾಪಾರಕ್ಕಾಗುವಷ್ಟು ಸಿಗಲಿಲ್ಲ. ಬೇಸಿನ್ ಇರುವುದು ಮೊದಲ ಷರತ್ತು ಮಾತ್ರ. ಜೀವಾಂಶ ಬೆರೆತ ಕೆಸರು ಹೂತು, ಸರಿಯಾದ ಬಿಸಿಯಲ್ಲಿ ಬೆಂದು, ಹೊರಟ ಎಣ್ಣೆ ರಂಧ್ರವಿರುವ ಕಲ್ಲಿಗೆ ಸೇರಿ, ಮೇಲೆ ಮುಚ್ಚಳವೂ ಇರಬೇಕು. ಒಂದು ತಪ್ಪಿದರೂ ಎಣ್ಣೆ ಇಲ್ಲ.

ಮಾಲು ಸಾಗುವ ಲೆಕ್ಕ

ಜಾಗ ಸಿಕ್ಕಿತು, ಇನ್ನು ಮಾಲು. ನೈಸ್ ಬಂಡೆಯಲ್ಲಿ ಮುಖ್ಯವಾಗಿ ಫೆಲ್ಡ್‌ಸ್ಪಾರ್ ಮತ್ತು ಕ್ವಾರ್ಟ್ಜ್ ಇರುತ್ತವೆ. ನಮ್ಮ ಮಳೆಗೆ, ನಮ್ಮ ಸೆಕೆಗೆ ಫೆಲ್ಡ್‌ಸ್ಪಾರ್ ಕರಗಿ ಜೇಡಿಯಾಗುತ್ತದೆ. ಕ್ವಾರ್ಟ್ಜ್ ಹಾಗೇ ಉಳಿದು ಹೊಯ್ಗೆಯಾಗುತ್ತದೆ. ಬಂಡೆ ಒಂದೇ, ಆದರೆ ಅದರಿಂದ ಬಂದ ಎರಡು ಕಣಗಳ ಪ್ರಯಾಣ ಪೂರ್ತಿ ಬೇರೆ.

ಸ್ಟೋಕ್ಸ್ ನಿಯಮ ಹಾಕಿ ನೋಡಿ. 2 ಮೈಕ್ರಾನ್ ಜೇಡಿ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಮೂರು ದಿನಕ್ಕಿಂತ ಹೆಚ್ಚು ಬೇಕು. 20 ಮೈಕ್ರಾನ್ ಕಣಕ್ಕೆ ಮುಕ್ಕಾಲು ಗಂಟೆ ಸಾಕು. 0.2 ಮಿ.ಮೀ. ಹೊಯ್ಗೆ ಕಣಕ್ಕೆ ಸ್ಟೋಕ್ಸ್ ಸರಿಯಾಗಿ ಹೊಂದುವುದಿಲ್ಲ, ಆದರೆ ಅದು ಒಂದು ನಿಮಿಷದ ಕೆಲಸ. ಹಾಗಾಗಿ ಹರಿಯುವ ಹೊಳೆಯಲ್ಲಿ ಹೊಯ್ಗೆ ತಳಕ್ಕೆ ಬೀಳುತ್ತದೆ, ಜೇಡಿ ನೀರಿನ ಜೊತೆ ಸಾಗುತ್ತದೆ. ನೆರೆಯ ನೀರು ಬೈಲಿಗೆ ನುಗ್ಗಿ ದಿನಗಟ್ಟಲೆ ನಿಂತಾಗ ಮಾತ್ರ ಜೇಡಿಗೆ ಕೂರಲು ಪುರುಸೊತ್ತು ಸಿಗುತ್ತದೆ. ಪೊಳಲಿಯಂಥ ಹೊಳೆಬದಿಯ ಊರುಗಳಲ್ಲಿ ಜೇಡಿ ಇರುವ ಗುಟ್ಟು ಇದು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಮುಂದೆ ಮಂಗಳೂರು ಹಂಚು ಹೆಸರಾದದ್ದು ನೇತ್ರಾವತಿ, ಫಲ್ಗುಣಿ ದಡಗಳ ಇಂಥ ಜೇಡಿಯಿಂದಲೇ.

ಕೂರದೆ ಸಾಗಿಸಬೇಕಾದರೆ ವೇಗ ಬೇಕು. ಕುದುರೆಮುಖದಿಂದ ಪಣಂಬೂರಿಗೆ 67 ಕಿ.ಮೀ. ಪೈಪಿನಲ್ಲಿ ಕಬ್ಬಿಣದ ಅದಿರನ್ನು ನೀರಿನಲ್ಲಿ ಕಲಸಿ ಕಳಿಸುತ್ತಿದ್ದರು. ವೇಗ ಒಂದು ಮಿತಿಗಿಂತ ಇಳಿದರೆ ಅದಿರು ಪೈಪಿನ ತಳದಲ್ಲಿ ಕೂತು ಲೈನ್ ಬ್ಲಾಕ್. ಹೊಳೆಗೂ ಅದೇ ನಿಯಮ. ಇಳಿಜಾರು ಕಡಿಮೆಯಾದಲ್ಲಿ, ಪಾತ್ರ ಅಗಲವಾದಲ್ಲಿ, ಸಮುದ್ರ ಎದುರಾದಲ್ಲಿ ಅದು ಮಾಲು ಇಳಿಸುತ್ತದೆ. ಅಳಿವೆಯಲ್ಲಿ ಇನ್ನೊಂದು ಕೆಲಸವಾಗುತ್ತದೆ: ಉಪ್ಪುನೀರು ತಾಗಿದ ಜೇಡಿ ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ ಬೇಗ ಮುಳುಗುತ್ತವೆ.

ಇಲ್ಲಿ ಸಮುದ್ರಮಟ್ಟವನ್ನು ಮರೆಯುವಂತಿಲ್ಲ. ಸುಮಾರು 20,000 ವರ್ಷದ ಹಿಂದೆ, ಹಿಮಯುಗದ ತುದಿಯಲ್ಲಿ, ಸಮುದ್ರ ಇವತ್ತಿಗಿಂತ 120 ಮೀಟರ್‌ನಷ್ಟು ಕೆಳಗಿತ್ತು. ದಡ ಹತ್ತಾರು ಕಿಲೋಮೀಟರ್ ಪಶ್ಚಿಮದಲ್ಲಿತ್ತು. ಆಗ ನಮ್ಮ ಹೊಳೆಗಳು ಅಷ್ಟು ಕೆಳಗಿನ ಮಟ್ಟಕ್ಕೆ ತಕ್ಕಂತೆ ಕಣಿವೆ ಕೊರೆದವು. ಹಿಮ ಕರಗಿ, ಸುಮಾರು 7,000 ವರ್ಷದ ಹಿಂದೆ ಸಮುದ್ರ ಈಗಿನ ಮಟ್ಟದ ಹತ್ತಿರ ಬಂದಾಗ ಕೆಳಭಾಗದ ಕಣಿವೆಗಳು ಮುಳುಗಿ ಹೂಳು ತುಂಬಿಕೊಂಡವು. ತಳ ಇಳಿದರೂ ಜಾಗವಾಗುತ್ತದೆ, ನೀರು ಏರಿದರೂ ಜಾಗವಾಗುತ್ತದೆ. ಎಷ್ಟು ಹೂಳು ಎಲ್ಲಿ ಕೂರುತ್ತದೆ ಎಂಬುದು ಇವೆರಡರ ಜೊತೆ ಹೂಳು ಬರುವ ವೇಗದ ಲೆಕ್ಕ. ಜೊತೆಗೆ ನೆಲವೂ ಪೂರ್ತಿ ಸುಮ್ಮನಿಲ್ಲ. ಮೂಲ್ಕಿಯಿಂದ ಪೂರ್ವ ಕರಾವಳಿಯ ಪುಲಿಕಾಟ್ ಸರೋವರದವರೆಗೆ ನೆಲ ಮೆಲ್ಲಗೆ ಉಬ್ಬುತ್ತಿರುವ ಒಂದು ಅಕ್ಷವಿದೆ ಎಂದು ಮಂಗಳೂರು ವಿಶ್ವವಿದ್ಯಾಲಯದ ಭೂವಿಜ್ಞಾನಿ ಕೆ. ಆರ್. ಸುಬ್ರಹ್ಮಣ್ಯ 1990ರ ದಶಕದಲ್ಲಿ ಪ್ರತಿಪಾದಿಸಿದ್ದರು.

ತುಂಬಿ ಮುಗಿದ ಬೇಸಿನ್ ನೋಡಬೇಕೇ?

ಸಮುದ್ರದಡಿಯದ್ದು ಕಣ್ಣಿಗೆ ಕಾಣುವುದಿಲ್ಲ. ಮುಟ್ಟಿ ನೋಡಬಹುದಾದ ಬೇಸಿನ್ ಬಾಗಲಕೋಟೆ ಕಡೆಗಿದೆ. ರಾಬರ್ಟ್ ಬ್ರೂಸ್ ಫೂಟ್ 1876ರ ವರದಿಯಲ್ಲಿ ವಿವರಿಸಿದ ಕಲಾದಗಿ ಬೇಸಿನ್ ಅದು. ಹಳೆಯ ನೈಸ್ ಮತ್ತು ಶಿಸ್ಟ್ ಬಂಡೆಯ ಮೇಲೆ ಮೊದಲು ಉರುಟುಕಲ್ಲಿನ ಪದರ, ಆಮೇಲೆ ಮರಳುಗಲ್ಲು, ಅದರ ಮೇಲೆ ಜೇಡಿಗಲ್ಲು, ಸುಣ್ಣದಕಲ್ಲು. ಉರುಟುಕಲ್ಲು ಅಂದರೆ ರಭಸದ ನೀರು, ಸುಣ್ಣದಕಲ್ಲು ಅಂದರೆ ಕೆಸರು ಕಡಿಮೆಯಿದ್ದ ತಿಳಿನೀರು. ಕೆಳಗಿನಿಂದ ಮೇಲಕ್ಕೆ ಓದಿದರೆ ತಳ ಇಳಿದು ನೀರು ಒಳಗೆ ಬಂದ ಕಥೆ ಸಿಗುತ್ತದೆ.

ಅಲ್ಲಿಗೇ ಮುಗಿಯಲಿಲ್ಲ. ಕೆಳಗಿನ ಬಾಗಲಕೋಟೆ ಗುಂಪಿನ ಪದರಗಳು ಮಡಿಕೆ ಬಿದ್ದಿವೆ. ಮೇಲಿನ ಬಾದಾಮಿ ಗುಂಪಿನವು ಹೆಚ್ಚುಕಡಿಮೆ ಚಪ್ಪಟೆಯಾಗಿ ಮಲಗಿವೆ. ಅಂದರೆ ಒಮ್ಮೆ ತುಂಬಿತು, ಒತ್ತಡಕ್ಕೆ ಮಡಚಿತು, ಸವೆಯಿತು, ಮತ್ತೆ ತುಂಬಿತು. ಬಾದಾಮಿ ಗುಹೆಗೆ ಟೂರ್ ಹೋದಾಗ ಗೋಡೆಯ ಮೇಲೆ ಓರೆ ಗೆರೆಗಳು ಕಂಡರೆ ನಿಂತು ನೋಡಿ. ಹರಿವ ನೀರು ಮರಳನ್ನು ಒಂದು ಕಡೆಗೆ ತಳ್ಳಿದ ಗುರುತು ಅದು. ಚಾಲುಕ್ಯರಿಗೆ ಕೊರೆಯಲು ಸುಲಭವಾದ ಕಲ್ಲು ಸಿಕ್ಕಿದ್ದು ಈ ಬೇಸಿನ್‌ನ ದಯೆ. ಇನ್ನೂ ಪೂರ್ವಕ್ಕೆ ಹೋದರೆ ಭೀಮಾ ಬೇಸಿನ್. ಶಹಾಬಾದ್ ಕಲ್ಲು, ವಾಡಿ ಮತ್ತು ಸೇಡಂನ ಸಿಮೆಂಟ್ ಎಲ್ಲ ಅಲ್ಲಿನ ಸುಣ್ಣದಕಲ್ಲಿನಿಂದ.

ನಮಗೇನು ಸಂಬಂಧ?

ಸಂಬಂಧ ಇದೆ ಮಾರಾಯ್ರೆ, ಅದೂ ತುಂಬ ಹತ್ತಿರದ್ದು. ಘಟ್ಟದಿಂದ ಬೇಸಿನ್‌ವರೆಗಿನ ದಾರಿಯಲ್ಲಿ ಹೊಳೆಯ ತಳದ ಹೊಯ್ಗೆ ಒಂದು ನಿಲ್ದಾಣ. ಫಲ್ಗುಣಿ ವೇಣೂರು ದಾಟಿ, ಪೊಳಲಿ, ಗುರುಪುರ ದಾಟಿ, ಕೂಳೂರಿನ ಹತ್ತಿರ ದಕ್ಷಿಣಕ್ಕೆ ತಿರುಗಿ, ಬೆಂಗ್ರೆಯ ಹೊಯ್ಗೆ ದಿಣ್ಣೆಗೆ ಸಮಾಂತರವಾಗಿ ಹರಿದು ನೇತ್ರಾವತಿಯ ಜೊತೆ ಸಮುದ್ರ ಸೇರುತ್ತದೆ. ಬೆಂಗ್ರೆಯಂಥ ದಿಣ್ಣೆಗಳು, ಉಳ್ಳಾಲದ ಕಡಲತೀರ ಎಲ್ಲ ನಿಂತಿರುವುದು ಹೊಳೆ ತಂದುಕೊಟ್ಟ ಹೊಯ್ಗೆಯ ಮೇಲೆ. ಬ್ಯಾಂಕ್ ಖಾತೆಯ ಹಾಗೆ: ಜಮಾ ಕಡಿಮೆಯಾಗಿ ಅಲೆಗಳ ಖರ್ಚು ಅಷ್ಟೇ ಇದ್ದರೆ ದಡ ಕರಗುತ್ತದೆ. ಉಳ್ಳಾಲದಲ್ಲಿ ಮನೆಗಳು ಕಡಲ್ಕೊರೆತಕ್ಕೆ ಸಿಕ್ಕಿ, ಅಲ್ಲಿ ಬ್ರೇಕ್‌ವಾಟರ್, ಕೃತಕ ದಿಬ್ಬಗಳನ್ನು ಕಟ್ಟಬೇಕಾಗಿ ಬಂದದ್ದು ನಮಗೆಲ್ಲ ಗೊತ್ತು. ಕಡಲ್ಕೊರೆತಕ್ಕೆ ಕಾರಣ ಒಂದೇ ಅಲ್ಲ. ಅಲೆ, ಅಳಿವೆಯ ಕಟ್ಟೋಣ, ಮಳೆಗಾಲದ ಬಿರುಸು ಎಲ್ಲ ಸೇರಿರುತ್ತವೆ. ಆದರೆ ಜಮಾ ಬದಿಯನ್ನು ಬಿಟ್ಟು ಲೆಕ್ಕ ಹಾಕುವವನು ಒಳ್ಳೆಯ ಎಂಜಿನಿಯರ್ ಅಲ್ಲ.

ಹೊಳೆಯೊಳಗೂ ಹಾಗೇ. 2018ರ ಜೂನ್‌ನಲ್ಲಿ ಫಲ್ಗುಣಿಗೆ ಅಡ್ಡಲಾಗಿದ್ದ ಮೂಲರಪಟ್ನದ ಸೇತುವೆ ಕುಸಿಯಿತು. ಹೊಯ್ಗೆ ತೆಗೆದದ್ದೇ ಕಾರಣ ಎಂದು ಊರಿನವರು ದೂರಿದ್ದರು. 2024ರಲ್ಲಿ ಪೊಳಲಿ ಪಕ್ಕದ ಅಡ್ಡೂರು ಸೇತುವೆಯ ಮೇಲೆ ಘನ ವಾಹನಗಳನ್ನು ನಿಲ್ಲಿಸಬೇಕಾಯಿತು. ಒಂದೊಂದು ಸೇತುವೆಗೂ ತನ್ನದೇ ಕಾರಣಗಳಿರುತ್ತವೆ, ತನಿಖೆ ಇಲ್ಲದೆ ತೀರ್ಪು ಕೊಡುವುದು ಬೇಡ. ಆದರೆ ತತ್ವ ಸ್ಪಷ್ಟ. ಪಿಯರ್‌ನ ಅಡಿಪಾಯದ ಆಳವನ್ನು ಇಂದಿನ ತಳಮಟ್ಟ ಮತ್ತು ನೆರೆಯ ಕೊರೆತವನ್ನು ಲೆಕ್ಕ ಹಾಕಿ ನಿರ್ಧರಿಸುತ್ತೇವೆ. ತಳವನ್ನೇ ಎರಡು ಮೀಟರ್ ಇಳಿಸಿದರೆ ಡಿಸೈನ್ ಶೀಟಿನಲ್ಲಿದ್ದ ಹಿಡಿತ ಅಷ್ಟು ಕಡಿಮೆ. ಸೇತುವೆ ಬದಲಾಗಿಲ್ಲ, ಅದು ನಿಂತ ನೆಲ ಬದಲಾಗಿದೆ.

ಹೊಯ್ಗೆ ಇಲ್ಲದೆ ಕಾಂಕ್ರೀಟ್ ಇಲ್ಲ, ಇದು ನಮಗೆಲ್ಲರಿಗೂ ಗೊತ್ತಿರುವ ಇಕ್ಕಟ್ಟು. ಎಂ-ಸ್ಯಾಂಡ್ ಬಂದಿದೆ, ಅದಕ್ಕೂ ಬಂಡೆ ಒಡೆಯಬೇಕು. ಹಾಗಾಗಿ 'ತೆಗೆಯಲೇಬಾರದು' ಅನ್ನುವುದು ಉತ್ತರವಲ್ಲ. 'ಈ ಹೊಳೆ ವರ್ಷಕ್ಕೆ ಎಷ್ಟು ತರುತ್ತದೆ, ಅದರಲ್ಲಿ ಎಷ್ಟು ತೆಗೆದರೆ ಕೆಳಗಿನವರಿಗೆ ಉಳಿಯುತ್ತದೆ' ಎಂದು ಅಳೆದು ಹೇಳುವುದು ಉತ್ತರ. ಆ ಅಳತೆ ಮಾಡಬೇಕಾದವರು ಇನ್ನು ಕೆಲವೇ ವರ್ಷದಲ್ಲಿ ಕೆಲಸಕ್ಕೆ ಸೇರುವ ನಾವೇ.

ಮಾಡಿ ನೋಡಿ

1. ಚಿಪ್ಪು ಅರ್ಧಕ್ಕಿಳಿಯದೆ, ಎಳೆತದಿಂದ ಒಂದೂವರೆ ಪಟ್ಟು ಅಗಲವಾಯಿತು ಅಂತಿಟ್ಟುಕೊಳ್ಳಿ. 35 ಕಿ.ಮೀ. ದಪ್ಪ ಎಷ್ಟಕ್ಕೆ ಇಳಿಯುತ್ತದೆ? ನೀರು ತುಂಬಿದ ತಗ್ಗಿನ ಆಳ ಎಷ್ಟು? ಸುಮಾರು 2.6 ಕಿ.ಮೀ. ಬಂದರೆ ಸರಿ.

2. ಹೊಳೆಬದಿಯ ಒಂದು ಹಿಡಿ ಮಣ್ಣನ್ನು ಎರಡು ಬಾಟಲಿಯಲ್ಲಿ ನೀರಿಗೆ ಹಾಕಿ ಕುಲುಕಿ ಇಡಿ. ಒಂದಕ್ಕೆ ಎರಡು ಚಮಚ ಉಪ್ಪು ಸೇರಿಸಿ. ಯಾವುದು ಬೇಗ ತಿಳಿಯಾಗುತ್ತದೆ, ಪದರಗಳು ಯಾವ ಕ್ರಮದಲ್ಲಿ ಕೂತಿವೆ ಎಂದು ಮರುದಿನ ಬರೆದುಕೊಳ್ಳಿ.

3. ನಿಮ್ಮ ಊರಿನ ಸೇತುವೆಯ ಕಂಬದಲ್ಲಿ ಹಳೆಯ ತಳಮಟ್ಟದ ಗುರುತು ಕಾಣುತ್ತದೆಯೇ ಎಂದು ಬೇಸಗೆಯಲ್ಲಿ ನೋಡಿ. ಪೈಲ್ ಕ್ಯಾಪ್ ಹೊರಗೆ ಕಾಣುತ್ತಿದ್ದರೆ ಫೋಟೊ ತೆಗೆದು ದಿನಾಂಕ ಬರೆದಿಡಿ. ಮುಂದಿನ ಬ್ಯಾಚಿನವರ ಪ್ರಾಜೆಕ್ಟಿಗೆ ಅದೇ ಮೊದಲ ರೀಡಿಂಗ್.